ಬ್ರೇಕ್ ಡಿಸ್ಕಿನ ತುಕ್ಕಿಗೆ ಆಯಿಲ್ ಹೊಡೆಯಲು ಬಿಡಬೇಡಿ

ಕೊಡಗಿನ ಮಳೆಗಾಲದಲ್ಲಿ ಕಾರಿನ ಬ್ರೇಕ್ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ರಾತ್ರಿ ಬೆಳಗಾಗುವಷ್ಟರಲ್ಲಿ ಕೆಂಪಾಗುತ್ತದೆ. ಎರಕದ ಕಬ್ಬಿಣ, ಬ್ರೇಕ್ ಒತ್ತಿದಾಗ ಅದನ್ನು ಅಮುಕಿ ಹಿಡಿಯುವ ಪ್ಯಾಡ್ ಉಜ್ಜುವ ಜಾಗಕ್ಕೆ ಪೇಂಟೂ ಇರಲ್ಲ. ತೇವ ತಾಗಿದರೆ ತುಕ್ಕು ಬಂದೇ ಬರುತ್ತದೆ. ಗೇಟು ದಾಟಿ ನಿಧಾನಕ್ಕೆ ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಪ್ಯಾಡೇ ಅದನ್ನು ಕೆರೆದು ತೆಗೆಯುತ್ತದೆ. ಅಷ್ಟೇ ಔಷಧಿ.

ಮಡಿಕೇರಿಯ ಒಂದು ವಾಟರ್ ಸರ್ವಿಸ್‌ನವರಿಗೆ ಇದು ಗೊತ್ತಿರಲಿಲ್ಲ. ಮಳೆಗೆ ಮುಂಚೆ ಕಾರಿನ ಅಡಿಗೆ ಆಯಿಲ್ ಹೊಡೆಸುವುದು ನಮ್ಮಲ್ಲಿ ಮಾಮೂಲು ಅಲ್ವಾ, ನಾನು ಹೇಳಿದ್ದೂ ಅಷ್ಟೇ. ಅಲ್ಲಿನ ಹುಡುಗ ಮುಂದಿನ ಎರಡೂ ಡಿಸ್ಕಿಗೂ ಹೊಡೆದಿದ್ದ. ಹಳೇ ಇಂಜಿನ್ ಆಯಿಲ್, ಡೀಸೆಲ್ ಬೆರೆಸಿದ್ದು.

ಊರೊಳಗೆ ಬ್ರೇಕ್ ಸ್ವಲ್ಪ ಮಂದ ಅನಿಸಿತು. ನೀರು ಬಿದ್ದಿದೆ, ಒಣಗಿದರೆ ಸರಿಹೋಗುತ್ತೆ ಅಂತ ಸಂಪಾಜೆ ಕಡೆ ಇಳಿದೆ. ಮದೆನಾಡು ದಾಟಿದ ಮೇಲೆ ಒಂದು ತಿರುವಿನಲ್ಲಿ ಪೆಡಲ್ ಗಟ್ಟಿಯಾಗೇ ಇದೆ, ಕಾರು ಮಾತ್ರ ನಿಲ್ಲುತ್ತಿಲ್ಲ. ಜೊತೆಗೆ ಎಡಕ್ಕೆ ಎಳೆಯುತ್ತಿದೆ. ಎದುರಿಗೆ ಲಾರಿ. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು ಧರೆಯ ಪಕ್ಕ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಹಿಡಿಯುವ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್, ಅದರೊಳಗೆ ಆಯಿಲ್ ಹೋಗಿರಲಿಲ್ಲ, ಬಚಾವಾದೆ. ಮುಂದಿನ ಚಕ್ರದಿಂದ ಹೊಗೆ, ಸೀದ ಎಣ್ಣೆಯ ವಾಸನೆ.

ಮೆಕ್ಯಾನಿಕ್ ಪ್ಯಾಡ್ ಬಿಚ್ಚಿ ತೋರಿಸಿದರು. ಒರಟಾಗಿರಬೇಕಾದ ಮುಖ ಕರ್ರಗೆ ಮಿಂಚುತ್ತಿತ್ತು. ಡಿಸ್ಕನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿದರೆ ಆಯಿತು, ಪ್ಯಾಡ್ ಹಾಗಲ್ಲ, ಎಣ್ಣೆ ಕುಡಿದುಬಿಡುತ್ತದೆ. ಎಮರಿ ಪೇಪರ್‌ನಲ್ಲಿ ತಿಕ್ಕಿ ಮತ್ತೆ ಹಾಕಿದರೆ ನಂಬೋ ಹಾಗಿಲ್ಲ. ಎರಡೂ ಬದಿಯದ್ದನ್ನು ಒಟ್ಟಿಗೇ ಬದಲಿಸಬೇಕು.

ಸರ್ವಿಸ್‌ನವರನ್ನು ಕೇಳಿದ್ದಕ್ಕೆ, "ತುಕ್ಕು ಜಾಸ್ತಿ ಇತ್ತಲ್ಲ ಅಣ್ಣಾ, ಅದಕ್ಕೇ ಹೊಡೆದೆ" ಅಂದ ಹುಡುಗ. ಓನರ್ ಮುಂದಿನ ಸಲ ಫ್ರೀಯಾಗಿ ತೊಳೆದುಕೊಡುತ್ತಾರಂತೆ. ಪ್ಯಾಡಿನ ದುಡ್ಡಿನ ಮಾತಿಲ್ಲ.

ಅಡಿಗೆ ಆಯಿಲ್ ಹೊಡೆಸುವಾಗ ಪಕ್ಕದಲ್ಲೇ ನಿಂತಿರಿ, ಚಕ್ರದ ಹತ್ತಿರ ಗನ್ ತರಬೇಡ ಅಂತ ಮೊದಲೇ ಹೇಳಿ. ಹೊರಡುವ ಮುಂಚೆ ಅಂಗಳದಲ್ಲೇ ಬ್ರೇಕ್ ಹಿಡಿದು ನೋಡಿ. ತೋಟದ ಶೆಡ್‌ನಲ್ಲಿ ವಾರಗಟ್ಟಲೆ ನಿಲ್ಲಿಸುವವರು ಸಮತಟ್ಟು ಜಾಗ ನೋಡಿ, ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ತುಕ್ಕಿಗೆ ಕಚ್ಚಿಕೊಳ್ಳುತ್ತದೆ. ಓಡಿಸಿದ ಮೇಲೂ ಗರಗರ ಸದ್ದು ನಿಲ್ಲದಿದ್ದರೆ, ಡಿಸ್ಕಿನಲ್ಲಿ ಗುಂಡಿ ಬಿದ್ದಿದ್ದರೆ ಚಕ್ರ ಬಿಚ್ಚಿಸಿ ದಪ್ಪ ಅಳೆಸಿ. ಕನಿಷ್ಠ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತಾರೆ.