"ಕೊಡಗಿನ ಅಸಲಿ ಬೇಟೆ ಚಾಕು" ಅಂತ ಮಾರುತ್ತಿದ್ದಾರೆ, ದಯವಿಟ್ಟು ನಂಬಬೇಡಿ

ಕುಶಾಲನಗರದಿಂದ ಮಡಿಕೇರಿಗೆ ಬರುವ ದಾರಿಯಲ್ಲಿ ಜೇನು, ಕಾಫಿಪುಡಿ, ಮಸಾಲೆ, ಹೋಂಮೇಡ್ ಚಾಕ್ಲೇಟ್ ಮಾರುವ ಅಂಗಡಿಗಳ ಸಾಲು ಇದೆಯಲ್ಲ, ಅಲ್ಲಿ ಕೆಲವರು ಗಾಜಿನ ಪೆಟ್ಟಿಗೆಯಲ್ಲಿ ಸಣ್ಣ ಚಾಕುಗಳನ್ನೂ ಇಟ್ಟಿರುತ್ತಾರೆ. ಅಂಥ ಒಂದು ಅಂಗಡಿಯಲ್ಲಿ ನಾನು 3,800 ರೂಪಾಯಿ ಕೊಟ್ಟು ಒಂದು ಚಾಕು ತಂದೆ. ದುಡ್ಡು ಹೋಯಿತು, ಅದು ಹಾಳಾಗಲಿ. ಚಿಕ್ಕಪ್ಪನ ಮಗನ ಕೈ ಕುಯ್ದು ಹೊಲಿಗೆ ಹಾಕಿಸುವ ಹಾಗಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ದೂರು ಕೊಟ್ಟಿರುವುದರಿಂದ ಅಂಗಡಿಯ ಹೆಸರು ಹಾಕುತ್ತಿಲ್ಲ.

ನನಗೆ ಬೇಕಿದ್ದದ್ದು ಮಡಚದ, ನಾಲ್ಕು ಇಂಚಿನ ಅಲಗಿನ ಸಣ್ಣ ಚಾಕು. ತೋಟಕ್ಕೆ ಹೋಗುವಾಗ ಸೊಂಟದಲ್ಲಿ ಇರಬೇಕು. ಹಗ್ಗ ಕತ್ತರಿಸೋಕೆ, ಮೆಣಸಿನ ಬಳ್ಳಿ ಸರಿಮಾಡೋಕೆ, ಮನೆಯಲ್ಲಿ ಹಂದಿ ಮಾಂಸ ಮೂಳೆಯಿಂದ ಬಿಡಿಸೋಕೆ. ಬೇಟೆ ಚಾಕು ಅಂದ ತಕ್ಷಣ ಬೇಟೆ ಅಂದುಕೊಳ್ಳಬೇಡಿ. ವನ್ಯಜೀವಿ ಕಾನೂನು ಬಂದದ್ದು 1972ರಲ್ಲಿ, ಅದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಆ ಆಕಾರದ ಚಾಕು ಮಾಂಸದ ಕೆಲಸಕ್ಕೆ ಕೈಗೆ ಚೆನ್ನಾಗಿ ಕೂರುತ್ತದೆ, ಅಷ್ಟೇ.

ಆತ ಮಾತಾಡಿದ ರೀತಿ ಕೇಳಿ. "ಸಾರ್, ಇದು ಡಮಾಸ್ಕಸ್. 1095 ಹೈ ಕಾರ್ಬನ್ ಸ್ಟೀಲ್. ಫುಲ್ ಟ್ಯಾಂಗ್. ಪೀಚೆಕತ್ತಿ ಮಾಡ್ತಾರಲ್ಲ, ಅವರ ಕೈಯಲ್ಲೇ ಮಾಡಿಸಿದ್ದು." ಡಮಾಸ್ಕಸ್ ಅಂದರೆ ಎರಡು ಬಗೆಯ ಉಕ್ಕು ಬೆಸೆದು ಗೆರೆ ಮೂಡಿಸಿದ ಅಲಗು. ಫುಲ್ ಟ್ಯಾಂಗ್ ಅಂದರೆ ಅಲಗಿನ ಉಕ್ಕೇ ಹಿಡಿಯ ಕೊನೆವರೆಗೂ ಬಂದಿರುವುದು. ಸೊಂಟಕ್ಕೆ ಸಿಕ್ಕಿಸುವ ನಮ್ಮ ಸಾಂಪ್ರದಾಯಿಕ ಕಠಾರಿ ಪೀಚೆಕತ್ತಿಯ ಹೆಸರು ಎತ್ತಿದರೆ ಕೊಡಗಿನವರು ಯಾರಾದರೂ ಸ್ವಲ್ಪ ಕರಗುತ್ತಾರೆ, ಅಲ್ವಾ? ಆತನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳು, ಹಿಡಿಯ ಹಿಂದೆ ಹಿತ್ತಾಳೆ ಬಿರಡೆ, ಚರ್ಮದ ಒರೆ. ಕೈ ಮೇಲಿನ ಕೂದಲು ಬೋಳಿಸಿ ತೋರಿಸಿದ. ಪೇಪರ್ ಹಿಡಿದು ಸರ್ರನೆ ಸೀಳಿ ತೋರಿಸಿದ.

ಈ ಕೂದಲು ಬೋಳಿಸುವ ಆಟಕ್ಕೆ ಮರುಳಾಗಬೇಡಿ. ಮೆತ್ತಗಿನ ಕಬ್ಬಿಣವನ್ನೂ ಸಾಣೆ ಹಿಡಿದರೆ ಒಂದು ಸಲ ಕೂದಲು ಬೋಳಿಸುತ್ತದೆ. ಹತ್ತು ಸಲ ಮಾಂಸ ಕುಯ್ದ ಮೇಲೆ, ಒಂದೆರಡು ಮೂಳೆಗೆ ತಾಗಿದ ಮೇಲೆ ಆ ಹರಿತ ಉಳಿಯುತ್ತದಾ ಅನ್ನುವುದೇ ಪ್ರಶ್ನೆ. ಅದನ್ನು ಯಾರೂ ಅಂಗಡಿಯಲ್ಲಿ ತೋರಿಸುವುದಿಲ್ಲ.

"ತುಕ್ಕು ಹಿಡಿಯುತ್ತಾ?" ಅಂತ ಕೇಳಿದೆ. "ಇಲ್ವೇ ಇಲ್ಲ ಸಾರ್, ಲೈಫ್‌ಲಾಂಗ್ ಹಿಡಿಯಲ್ಲ" ಅಂದ. ಇದು ಶುದ್ಧ ಸುಳ್ಳು. 1095 ಅಂದರೆ ನೂರಕ್ಕೆ 0.95ರಷ್ಟು ಕಾರ್ಬನ್ ಇರುವ ಉಕ್ಕು. ತುಕ್ಕು ತಡೆಯುವ ಕ್ರೋಮಿಯಂ ಅದರಲ್ಲಿ ಇರುವುದಿಲ್ಲ. ನಮ್ಮ ಜುಲೈ ಮಳೆಗೆ ಎಣ್ಣೆ ಒರೆಸದೆ ಇಟ್ಟರೆ ಅಂಥ ಚಾಕು ಕೆಂಪಗಾಗಲೇಬೇಕು. ಒಂದೇ ಉಸಿರಿನಲ್ಲಿ 1095 ಅಂತಾನೂ ಹೇಳಿ ತುಕ್ಕು ಹಿಡಿಯಲ್ಲ ಅಂತಾನೂ ಹೇಳುವವನು ಒಂದೋ ಏನೂ ಗೊತ್ತಿಲ್ಲದವನು, ಇಲ್ಲಾ ಮೋಸಗಾರ. ಈತ ಮೋಸಗಾರ.

ದುಡ್ಡು ಕೊಟ್ಟು, ಚಾಕು ಪ್ಯಾಕ್ ಮಾಡುವಾಗ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. "ಹಿಡಿ ಅಸಲಿ ಕಡವೆ ಕೊಂಬು ಸಾರ್. ಹೊರಗೆ ಯಾರಿಗೂ ಹೇಳ್ಬೇಡಿ." ಆಗ ಸುಮ್ನೆ ವ್ಯಾಪಾರದ ಬಡಾಯಿ ಅನ್ನಿಸಿತ್ತು. ಆ ಮಾತು ಯಾಕೆ ಹೇಳಿದ ಅಂತ ಆಮೇಲೆ ಗೊತ್ತಾಯಿತು, ಮುಂದೆ ಹೇಳುತ್ತೇನೆ.

ಸೆಪ್ಟೆಂಬರ್ 3, ಕೈಲ್ ಪೊಳ್ದ್, ನಮ್ಮ ಆಯುಧಪೂಜೆಯ ಹಬ್ಬ. ಕೋವಿ, ಕತ್ತಿಗಳ ಜೊತೆ ಇದನ್ನೂ ಇಟ್ಟು ಪೂಜೆ ಮಾಡಿದೆವು. ಮನೆ ತುಂಬ ನೆಂಟರು. ಪಂದಿ ಕರಿಗೆ ಮಾಂಸ ಬಿಡಿಸುವಾಗ "ಹೊಸ ಚಾಕು ತಾ, ನೋಡೋಣ" ಅಂದರು ಚಿಕ್ಕಪ್ಪ. ಮೊದಲ ಪಕ್ಕೆಲುಬಿಗೇ ಅಲಗಿನ ಬಾಯಿ ಮಡಚಿಕೊಂಡಿತು. ಮುಕ್ಕಾಗಲಿಲ್ಲ, ಮಡಚಿಕೊಂಡಿತು! ಬೆರಳಾಡಿಸಿದರೆ ಒಂದು ಪಕ್ಕಕ್ಕೆ ಸುರುಳಿ ಸುತ್ತಿದ್ದು ಗೊತ್ತಾಗುತ್ತಿತ್ತು. ಚಿಕ್ಕಪ್ಪನ ಮಗ ಸಾಣೆಕಲ್ಲಿಗೆ ಉಜ್ಜಿದ. ಉಜ್ಜಿದ ಕಡೆಯಲ್ಲೆಲ್ಲ ಆ ಡಮಾಸ್ಕಸ್ ಗೆರೆ ಅಳಿಸಿ ಬೋಳು ಬಿಳಿ ತಗಡು ಕಾಣಿಸಿತು. ಮತ್ತೆ ಕೀಲಿನ ಹತ್ತಿರ ಒತ್ತಿ ತಿರುಗಿಸಿದ ನೋಡಿ, ಹಿಡಿ ಅವನ ಕೈಯಲ್ಲೇ ಉಳಿಯಿತು, ಅಲಗು ಜಾರಿ ಇನ್ನೊಂದು ಕೈಯ ಹೆಬ್ಬೆರಳ ಬುಡಕ್ಕೆ ಹೋಯಿತು.

ಹಿಡಿಯ ಒಳಗೆ ಏನಿತ್ತು ಗೊತ್ತಾ? ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ, ಅಲಗಿನ ಸಪೂರ ಬಾಲ, ಹಳದಿ ಅಂಟು, ತುಂಬಿಸೋಕೆ ಮುದುಡಿದ ಕಾಗದ. ಹಿತ್ತಾಳೆ ಬಿರಡೆ ಹಿಂದೆ ಸುಮ್ನೆ ಅಂಟಿಸಿದ್ದು. ಇದೇ ಫುಲ್ ಟ್ಯಾಂಗ್! ನೆಂಟರೆಲ್ಲ ನೋಡುತ್ತಾ ನಿಂತಿದ್ದರು. ಪೂಜೆಗೆ ಇಟ್ಟ ಆಯುಧ. ನನಗೆ ತಲೆ ಎತ್ತಲು ಆಗಲಿಲ್ಲ.

ಆಸ್ಪತ್ರೆಯಿಂದ ಬಂದು ಫೋನ್ ಮಾಡಿದೆ. ಆತನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಸಾರ್, ಅದು ಮಾಂಸ ಕತ್ತರಿಸೋಕಲ್ಲ."

"ಬೇಟೆ ಚಾಕು ಅಂತ ಮಾರಿದ್ದು ನೀವೇ ಅಲ್ವಾ?"

"ಬೇಟೆ ಈಗ ಬ್ಯಾನ್ ಅಲ್ವಾ ಸಾರ್. ಯಾರು ಬೇಟೆ ಆಡ್ತಾರೆ? ಅದು ಶೋಕೇಸಿಗೆ."

ನನಗೆ ಮಾತೇ ಹೊರಡಲಿಲ್ಲ. ಆಮೇಲೆ "ಬಿಸಿನೀರಲ್ಲಿ ತೊಳೆದಿರ್ತೀರಿ, ಅಂಟು ಬಿಟ್ಟಿದೆ" ಅಂದ. ಫುಲ್ ಟ್ಯಾಂಗ್ ಅಂದಮೇಲೆ ಅಲಗಿನ ಉಕ್ಕೇ ಹಿಡಿಯ ಕೊನೆವರೆಗೂ ಪೂರ್ತಿ ಅಗಲಕ್ಕೆ ಬರಬೇಕು, ಅಂಟು ಬಿಟ್ಟರೂ ಅಲಗು ಕಳಚಿ ಬರೋದು ಹೇಗೆ ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ. "ಬಿಲ್ ಇದೆಯಾ?" ಅಂದ. ಇತ್ತು, ತೆಗೆದು ನೋಡಿದೆ. ಅದರಲ್ಲಿ ಬರೆದಿದ್ದದ್ದು "ಗಿಫ್ಟ್ ಐಟಂ 1". ಚಾಕು ಅನ್ನುವ ಪದವೇ ಇಲ್ಲ. ಡಮಾಸ್ಕಸ್ ಇಲ್ಲ, 1095 ಇಲ್ಲ. ಗಿಫ್ಟ್ ಐಟಂ!

ದೂರು ಕೊಡುತ್ತೇನೆ ಅಂದಾಗ ಕಡವೆ ಕೊಂಬು ಹೊರಗೆ ಬಂತು. "ಕೊಡಿ ಸಾರ್. ಕೊಂಬಿನ ಹಿಡಿ ಇಟ್ಕೊಂಡಿದ್ದಕ್ಕೆ ಕೇಸ್ ಆಗೋದು ನಿಮ್ಮ ಮೇಲೆ." ನೋಡಿದಿರಾ? ಕಾಡುಪ್ರಾಣಿಯ ಕೊಂಬು ಅನುಮತಿ ಇಲ್ಲದೆ ಮಾರುವುದೂ ತಪ್ಪು, ಕೊಳ್ಳುವುದೂ ತಪ್ಪು. ಹಾಗಾಗಿ ಕೊಂಡವನು ಬಾಯಿ ಬಿಡುವುದಿಲ್ಲ ಅನ್ನುವುದು ಆತನ ಲೆಕ್ಕ. ಬಡಾಯಿ ಅಲ್ಲ ಅದು, ನನ್ನ ಬಾಯಿಗೆ ಮೊದಲೇ ಹಾಕಿದ ಬೀಗ. ಅವತ್ತು ರಾತ್ರಿಯೇ ಸೂಜಿ ಕಾಯಿಸಿ ಹಿಡಿಗೆ ಚುಚ್ಚಿದೆ. ಕರಗಿತು. ಪ್ಲಾಸ್ಟಿಕ್ ಸುಟ್ಟ ವಾಸನೆ. ಕೊಂಬಾಗಿದ್ದರೆ ಕರಗುತ್ತಿರಲಿಲ್ಲ, ಕೂದಲು ಸುಟ್ಟ ಥರ ನಾತ ಬರುತ್ತಿತ್ತು. ಅಂತೂ ಕೊಂಬೂ ಸುಳ್ಳು. ಎಲ್ಲವೂ ಸುಳ್ಳು.

ನಮ್ಮೂರ ಕುಲುಮೆಯ ಆಚಾರಿಯವರಿಗೆ ಅಲಗು ತೋರಿಸಿದೆ. ಅರ ತೆಗೆದು ಬಾಯಿಯ ಹತ್ತಿರ ಒಮ್ಮೆ ಎಳೆದರು. ಅರ ಕಚ್ಚಿ ಪುಡಿ ಉದುರಿತು. "ಇದಕ್ಕೆ ಹದವೇ ಹಾಕಿಲ್ಲ" ಅಂದರು. ಕಾಯಿಸಿ, ಎಣ್ಣೆಯಲ್ಲೋ ನೀರಲ್ಲೋ ಅದ್ದಿ, ಮತ್ತೆ ಹದವಾಗಿ ಕಾಯಿಸಿದ ಅಲಗಿನ ಮೇಲೆ ಅರ ಜಾರುತ್ತದೆ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಅವರೇ ಮಾಡಿದ ಕತ್ತಿಯ ಮೇಲೆ ಎಳೆದು ತೋರಿಸಿದರು, ಜಾರಿತು. ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟಾಗ ಅವರ ಕತ್ತಿ ಬೂದು ಬಣ್ಣಕ್ಕೆ ತಿರುಗಿತು. ನನ್ನದು ಹಾಗೇ ಬೆಳ್ಳಗೆ ಇತ್ತು. ಅಂದರೆ 1095 ಅಲ್ಲ, ಅಗ್ಗದ ಸ್ಟೇನ್‌ಲೆಸ್. ನಿಜವಾದ ಡಮಾಸ್ಕಸ್‌ನಲ್ಲಿ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದಿರುತ್ತಾರೆ. ಗೆರೆ ಅಲಗಿನ ಬೆನ್ನಿನ ಮೇಲೂ ಹಾದು ಹೋಗಿರಬೇಕು. ಉಜ್ಜಿ ಅಳಿಸಿದರೂ ಲೋಹ ಕೊರೆಯುವ ರಾಸಾಯನಿಕ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದರೆ ಮತ್ತೆ ಮೂಡುತ್ತದೆ. ನನ್ನ ಚಾಕುವಿನ ಬೆನ್ನು ಬೋಳು. ಅಂಗಡಿಯಲ್ಲಿ ಚಾಕು ಒರೆಯಿಂದ ಹೊರಗೆ ತೆಗೆದದ್ದೆಲ್ಲ ಆತನೇ, ಬೆನ್ನು ನನ್ನ ಕಡೆ ತಿರುಗಿಸಲೇ ಇಲ್ಲ.

ಸಪೂರ ಬಾಲದ ಚಾಕೆಲ್ಲ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಫಿನ್‌ಲ್ಯಾಂಡ್‌ನ ಪುಕ್ಕೋ ಚಾಕುಗಳಲ್ಲಿ ಬಾಲ ಸಪೂರವೇ. ಅದು ಸಾಕಷ್ಟು ಉದ್ದ ಇರಬೇಕು, ಗಟ್ಟಿಯಾಗಿ ಕೂತಿರಬೇಕು. ಆದರೆ ಫುಲ್ ಟ್ಯಾಂಗ್ ಅಂತ ಹೇಳಿದರೆ ಹಿಡಿಯ ಅಂಚಿನ ಸುತ್ತ ಉಕ್ಕು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಮಾತು ನಂಬಬೇಡಿ.

ಬಿಲ್ಲಿನಲ್ಲಿ ಉಕ್ಕಿನ ಹೆಸರು, ಹಿಡಿ ಯಾವುದರದ್ದು, ಎರಡನ್ನೂ ಬರೆಸಿ. ಬರೆಯಲ್ಲ ಅಂದರೆ ವಾಪಸ್ ಕೊಟ್ಟು ಬನ್ನಿ. ಅದೇ ದುಡ್ಡಿಗೆ ನಮ್ಮ ಕುಲುಮೆಗಳಲ್ಲಿ ಇದಕ್ಕಿಂತ ಎಷ್ಟೋ ಒಳ್ಳೆಯದು ಸಿಗುತ್ತದೆ, ನೋಡೋಕೆ ಅಷ್ಟು ಚೆಂದ ಇರಲ್ಲ ಅಷ್ಟೇ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮುರಿದ ಚಾಕು, ಕಾಗದ, ಅಂಟು, ಆ "ಗಿಫ್ಟ್ ಐಟಂ" ಬಿಲ್, ಎಲ್ಲ ಹಾಗೇ ಇಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಕೊಂಬಿನಂಥ ಹಿಡಿ, ಹಿತ್ತಾಳೆ ಬಿರಡೆ, ಅಲೆ ಗೆರೆಯ ಇಂಥದ್ದೇ ಚಾಕು ಇದ್ದರೆ ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಅಡುಗೆಗೆ ತೆಗೆಯಬೇಡಿ. ದಪ್ಪ ಬಟ್ಟೆಯಲ್ಲಿ ಅಲಗು ಸುತ್ತಿ, ಹಿಡಿಯನ್ನು ಬಲವಾಗಿ ತಿರುಗಿಸಿ ನೋಡಿ. ಅಲ್ಲಾಡಿದರೆ ಬಿಲ್ ಹುಡುಕಿ ಇಟ್ಟುಕೊಂಡು ನನಗೆ ತಿಳಿಸಿ, ಒಟ್ಟಿಗೇ ದೂರು ಕೊಡೋಣ.