ಹಳೆಯ ಅಂಬಾಸಿಡರಿಗೆ ಯಾವ ಬ್ರೇಕ್ ಪೈಪು: ಉಕ್ಕು, ತಾಮ್ರ, ಸ್ಟೇನ್‌ಲೆಸ್ ಅಥವಾ ತಾಮ್ರ-ನಿಕ್ಕಲ್?

ಕುಂಬಳೆಯಿಂದ ಮಂಜೇಶ್ವರದವರೆಗಿನ ಕಡಲ ಬದಿಯಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ ಎಂಜಿನ್ನಿಗಿಂತ ದೊಡ್ಡ ಚಿಂತೆ ತುಕ್ಕಿನದು. ನಮ್ಮ ಅಂಬಾಸಿಡರಿನ ತಳ ಬಿಚ್ಚಿದಾಗ ಹಿಂದಿನ ಆಕ್ಸಲಿಗೆ ಹೋಗುವ ಬ್ರೇಕ್ ಪೈಪು ಕಪ್ಪು ಬಣ್ಣದ ಕೆಳಗೆ ಗಟ್ಟಿಯಾಗಿಯೇ ಇರುವಂತೆ ಕಾಣುತ್ತಿತ್ತು. ಆದರೆ ಕ್ಲಿಪ್ಪನ್ನು ಎಬ್ಬಿಸಿದಾಗ, ಅದರ ಅಡಿಯಲ್ಲಿ ಮಣ್ಣೂ ತೇವವೂ ಕೂತು ಲೋಹ ಪದರ ಪದರವಾಗಿ ಎದ್ದಿತ್ತು. ಉಗುರಿನಿಂದ ಕೆರೆದರೆ ಕಂದು ಹುಡಿ ಉದುರುತ್ತಿತ್ತು. ಈ ಕಾರಿನ ಬ್ರೇಕು ಒಂದೇ ಸರ್ಕ್ಯೂಟಿನದಾದುದರಿಂದ ಪೈಪು ಎಲ್ಲಿ ಒಡೆದರೂ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೆ ಹೋಗಿ ಕೈಬ್ರೇಕು ಮಾತ್ರ ಉಳಿಯುತ್ತದೆ. ಆದ್ದರಿಂದ ಎಲ್ಲ ಪೈಪುಗಳನ್ನೂ ಬದಲಿಸುವ ಮೊದಲು, ಪೇಟೆಯಲ್ಲಿ ಸಿಗುವ ನಾಲ್ಕು ಬಗೆಗಳನ್ನು 3/16 ಇಂಚಿನ, ಅಂದರೆ 4.75 ಮಿಲಿಮೀಟರಿನ ಅಳತೆಯಲ್ಲಿ ತಂದು, ಬಗ್ಗಿಸಿ, ತುದಿಗೆ ಫ್ಲೇರ್ ಮಾಡಿ (ಅಂದರೆ ಸೋರದಂತೆ ಕೂರಲು ತುದಿಯ ಅಂಚನ್ನು ಹೊರಕ್ಕೆ ಅರಳಿಸಿ), ಉಳಿದ ತುಂಡುಗಳನ್ನು ಶೆಡ್ಡಿನ ಪಡು ಗೋಡೆಗೆ ಒಂದು ಮಳೆಗಾಲವಿಡೀ ತೂಗುಹಾಕಿದೆ.

ಕಾರ್ಖಾನೆಯಿಂದ ಬಂದದ್ದು ಉಕ್ಕಿನ ಪೈಪು. ತಾಮ್ರ ಲೇಪಿಸಿದ ಉಕ್ಕಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿ, ಕುಲುಮೆಯಲ್ಲಿ ಬೆಸೆದು, ಹೊರಗೆ ಸತುವಿನಂತಹ ಲೇಪ ಕೊಟ್ಟು ಇದನ್ನು ತಯಾರಿಸುತ್ತಾರೆ. ಬಲದ ವಿಷಯದಲ್ಲಿ ಇದಕ್ಕೆ ಹೆಸರಿಡುವಂತಿಲ್ಲ, ಬೆಲೆಯೂ ಕಡಿಮೆ. ಆದರೆ ಬೆಂಡರ್ ಇಲ್ಲದೆ ಕೈಯಿಂದ ಬಗ್ಗಿಸಹೊರಟರೆ ತಿರುವಿನಲ್ಲಿ ಚಪ್ಪಟೆಯಾಗುತ್ತದೆ; ಬೆಂಡರಿನಲ್ಲಿ ಬಗ್ಗಿಸಿದರೆ ಅದರ ಅಚ್ಚು ತಾಗಿದ ಕಡೆ ಲೇಪಕ್ಕೆ ಗೀರು ಬೀಳುತ್ತದೆ. ಗೋಡೆಯ ತುಂಡಿನಲ್ಲಿ ತುಕ್ಕು ಮೊದಲು ಕಾಣಿಸಿದ್ದು ಆ ಗೀರುಗಳಲ್ಲಿ ಮತ್ತು ಕತ್ತರಿಸಿದ ತುದಿಯಲ್ಲಿ, ಅದೂ ಮಳೆ ಹಿಡಿದ ಆರಂಭದಲ್ಲಿಯೇ. ನೇರವಾಗಿ ಉಳಿದ ಭಾಗದಲ್ಲಿ ಬಿಳಿ ಹುಡಿ ಕಟ್ಟಿದ್ದಷ್ಟೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಉಪ್ಪುಗಾಳಿ ಬೀಸುವ ಊರಿನಲ್ಲಿ ಗೀರಿಲ್ಲದ ಪೈಪನ್ನು ಕಾರಿನ ತಳದಲ್ಲಿ ಎಷ್ಟು ಕಾಲ ಉಳಿಸಿಕೊಳ್ಳಬಹುದು ಎಂಬುದನ್ನು ಓದುಗರೇ ಊಹಿಸಬಹುದು.

ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಉಕ್ಕಿಗೆ ಬದಲಾಗಿ, ಫ್ರಿಜ್ ಮತ್ತು ಏಸಿ ರಿಪೇರಿಯವರ ಬಳಿ ಸಿಗುವ ತಾಮ್ರದ ಪೈಪನ್ನು ಹಾಕಿಕೊಡುವ ರೂಢಿಯೊಂದಿದೆ. "ತಾಮ್ರಕ್ಕೆ ತುಕ್ಕು ಹಿಡಿಯುವುದುಂಟಾ ಮಾಷ್ಟ್ರೇ?" ಎಂದು ನಮ್ಮ ಮೆಕ್ಯಾನಿಕ್ ಕೇಳಿದ. ಅವನ ಮಾತು ನಿಜ, ಆದರೆ ಇಲ್ಲಿ ಅಪಾಯ ತುಕ್ಕಿನಿಂದ ಬರುವುದಲ್ಲ. ಅವನ ಎದುರಿನಲ್ಲಿಯೇ ಒಂದು ತುಂಡನ್ನು ಅತ್ತಿತ್ತ ಬಗ್ಗಿಸಿ ತೋರಿಸಿದೆ. ಮೊದಲು ಬಳ್ಳಿಯಂತೆ ಮಣಿದ ಪೈಪು, ಮತ್ತೆ ಮತ್ತೆ ಬಗ್ಗಿಸುತ್ತ ಹೋದಂತೆ ಪೆಡಸಾಗಿ, ಕೊನೆಗೆ ತಿರುವಿನ ಹೊರಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಕಾರಿನ ಅಡಿಯಲ್ಲಿ ಇದೇ ಕೆಲಸವನ್ನು ಎಂಜಿನ್ನಿನ ನಡುಕವೂ ರಸ್ತೆಯ ಕುಲುಕಾಟವೂ ನಿಧಾನವಾಗಿ ಮಾಡುತ್ತವೆ. ಶುದ್ಧ ತಾಮ್ರ ಒತ್ತಡ ತಡೆಯುವ ಬಲದಲ್ಲಿಯೂ ಉಕ್ಕಿಗಿಂತ ಹಿಂದೆ. ಪೆಟ್ರೋಲಿನ ಪೈಪಿಗೆ ಬೇಕಾದರೆ ಆಗಲಿ, ಬ್ರೇಕಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಸ್ಟೇನ್‌ಲೆಸ್ ಸ್ಟೀಲಿನ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ನೋಡಲು ಚಂದ, ಆದರೆ ಸಾಮಾನ್ಯ ಫ್ಲೇರಿಂಗ್ ಟೂಲಿಗೆ ಜಗ್ಗುವುದಿಲ್ಲ. ತುದಿಯನ್ನು ಎರಡು ಮಡಿಕೆ ಮಾಡುವಾಗ ಅಂಚು ಸೀಳಿತು. ಮಡಿಸಿದ ತುದಿಯೂ ಗಡುಸಾಗಿಯೇ ಇರುವುದರಿಂದ ಅದು ಒತ್ತಿ ಕೂರಬೇಕಾದ ಹಿತ್ತಾಳೆಯ ಮೈಯ, ಅಂದರೆ ಸೀಟಿನ, ಮೇಲೆ ಸರಿಯಾಗಿ ಕೂರುವಂತೆ ಮಾಡಲು ನಟ್ಟನ್ನು ಬಹಳ ಬಿಗಿಯಬೇಕಾಗುತ್ತದೆ. ಗೋಡೆಯ ಮೇಲಿದ್ದ ತುಂಡಿಗೆ ಚಹಾದ ಬಣ್ಣದ ಕಲೆಗಳು ಬಂದದ್ದನ್ನು ಕಂಡು, ಇಷ್ಟು ಕಷ್ಟಪಟ್ಟದ್ದಕ್ಕೆ ಇದೇನು ಎನ್ನಿಸಿದ್ದೂ ಹೌದು.

ಉಳಿದದ್ದು ತಾಮ್ರ-ನಿಕ್ಕಲ್ ಮಿಶ್ರಲೋಹ. ಇದರಲ್ಲಿ ಸುಮಾರು 10 ಶೇಕಡಾ ನಿಕ್ಕಲ್, ಸ್ವಲ್ಪ ಕಬ್ಬಿಣ, ಉಳಿದದ್ದು ತಾಮ್ರ. ಹಡಗುಗಳಲ್ಲಿ ಸಮುದ್ರದ ನೀರು ಹರಿಯುವ ಕೊಳವೆಗಳಿಗೆ ಬಳಸುವ ಲೋಹ ಇದೇ. ವೋಲ್ವೊ ಕಂಪೆನಿ 1970ರ ದಶಕದಲ್ಲಿಯೇ ತನ್ನ ಕಾರುಗಳ ಬ್ರೇಕಿಗೆ ಇದನ್ನು ಹಾಕತೊಡಗಿತ್ತು. ಸುರುಳಿಯನ್ನು ಬಿಡಿಸಿ ನೇರ ಮಾಡಲು ಮರದ ಹಲಗೆಯ ಮೇಲೆ ಹೊರಳಿಸಿದರೆ ಸಾಕು. ಚೇಸಿಸ್ಸಿನ ಅಂಕುಡೊಂಕಿಗೆ ತಕ್ಕಂತೆ, ದೊಡ್ಡ ತಿರುವುಗಳನ್ನು ಕೈಯಿಂದಲೇ ಕೊಡಬಹುದು. ತುದಿಯ ಫ್ಲೇರ್ ಬಿರುಕಿಲ್ಲದೆ ಬೆಣ್ಣೆಯಷ್ಟು ನುಣುಪಾಗಿ ಬಂತು. ಅಂತಹ ತುದಿ ಸೀಟಿಗೆ ತಾನಾಗಿಯೇ ಹೊಂದಿಕೊಳ್ಳುವುದರಿಂದ ಸೋರುವ ಸಂಭವವೂ ಕಡಿಮೆ. ಗೋಡೆಯ ತುಂಡು ಹೊಳಪು ಕಳೆದುಕೊಂಡು ಕಂದಿತೇ ಹೊರತು ಮೈ ತಿನ್ನಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಉಕ್ಕಿನ ಪೈಪು ಒಳಗಿನಿಂದಲೂ ಸವೆಯುತ್ತದೆ; ಈ ಮಿಶ್ರಲೋಹಕ್ಕೆ ಆ ಬಾಧೆಯೂ ಇಲ್ಲ.

ದೋಷಗಳಿಲ್ಲವೆಂದಲ್ಲ. ಬೆಲೆ ಉಕ್ಕಿಗಿಂತ ಸಾಕಷ್ಟು ಹೆಚ್ಚು. ಮೂಲ ಕಾರಿನ ಬೂದು ಬಣ್ಣದ ಪೈಪನ್ನು ಕಂಡವರಿಗೆ ಇದರ ತೆಳುಗೆಂಪು ಬಣ್ಣ ಒಪ್ಪದೆ ಹೋಗಬಹುದು, ಪ್ರದರ್ಶನಕ್ಕಾಗಿಯೇ ಕಾರನ್ನು ಸಿದ್ಧಪಡಿಸುವವರಿಗೆ ಅದು ದೊಡ್ಡ ಆಕ್ಷೇಪವೇ. ಮೆತ್ತಗಿರುವುದರಿಂದ ಮುರಕಲ್ಲಿನ ರಸ್ತೆಯಲ್ಲಿ ಚಕ್ರದಿಂದ ಹಾರುವ ಕಲ್ಲಿನ ಏಟಿಗೆ ನೆಗ್ಗುತ್ತದೆ. ಹಿಂದಿನ ಚಕ್ರಗಳ ಬಳಿ ನಾನು ತಂತಿಯ ಸುರುಳಿಯ ಕವಚ ಹಾಕಿದ್ದೇನೆ. ಪೈಪನ್ನು ಹಿಡಿದುಕೊಳ್ಳುವ ಕ್ಲಿಪ್ಪುಗಳಿಗೆ ಒಳಗೆ ರಬ್ಬರ್ ಇರಲೇಬೇಕು, ಇಲ್ಲದಿದ್ದರೆ ತಗಡಿಗೆ ಉಜ್ಜಿ ಸವೆಯುವುದು ಮಾತ್ರವಲ್ಲ, ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ತಗಡಿಗೆ ಬೇಗ ತುಕ್ಕು ಹತ್ತುತ್ತದೆ. ಉಕ್ಕಿನ ನಟ್ಟಿಗೂ ಅದೇ ಗತಿ ಎಂದು ಹಿತ್ತಾಳೆಯ ನಟ್ಟುಗಳನ್ನು ಹಾಕಿದೆ.

ನಟ್ಟು ಕೊಳ್ಳುವಾಗ ಎಳೆಯ (ಥ್ರೆಡ್ಡಿನ) ಲೆಕ್ಕ ತಪ್ಪಬಾರದು. ನಮ್ಮ ಕಾರಿನದು 3/8 ಇಂಚಿನ, ಇಂಚಿಗೆ 24 ಎಳೆಯ ನಟ್ಟು. ಅದು 10 ಮಿಲಿಮೀಟರಿನ ಮೀಟರಿಕ್ ರಂಧ್ರದೊಳಕ್ಕೂ ಸಡಿಲವಾಗಿ ಹೋಗಿ, ಬಿಗಿಯುವಾಗ ಎಳೆ ಕಿತ್ತುಕೊಳ್ಳುತ್ತದೆ. ಫ್ಲೇರಿನ ಆಕಾರವೂ ಎಲ್ಲ ಕಡೆ ಒಂದೇ ಅಲ್ಲ, ಕೆಲವು ತುದಿಗಳಿಗೆ ಗುಂಡಗಿನ ಒಂದೇ ಉಬ್ಬು, ಕೆಲವಕ್ಕೆ ಎರಡು ಮಡಿಕೆ ಬೇಕಾಗುವುದರಿಂದ ಹಳೆಯ ಪೈಪನ್ನು ಕೆಲಸ ಮುಗಿಯುವವರೆಗೆ ಗುಜರಿಗೆ ಕೊಡಬಾರದು.

ಮುಳ್ಳೇರಿಯದಲ್ಲಿ, ಕಡಲಿನಿಂದ ಸಾಕಷ್ಟು ಒಳಗೆ, ತೋಟದ ಕೆಲಸಕ್ಕೆ ಜೀಪು ಇಟ್ಟುಕೊಂಡ ನನ್ನ ಭಾವನಿಗೆ ಮಾತ್ರ ಉಕ್ಕನ್ನೇ ಹಾಕಿಸಲು ಹೇಳಿದೆ. ಅಲ್ಲಿ ಉಪ್ಪುಗಾಳಿಗಿಂತ ಕಲ್ಲಿನ ಏಟು ಹೆಚ್ಚು. ಜೀಪಿನ ಅಡಿಗೆ ಬಗ್ಗಿ ನೋಡುವುದೂ ಸುಲಭ, ಆದ್ದರಿಂದ ಪ್ರತಿ ಮಳೆಗಾಲ ಕಳೆದ ಮೇಲೆ ಕ್ಲಿಪ್ಪುಗಳನ್ನು ಬಿಚ್ಚಿ ಅಡಿಯನ್ನು ಒರಸಿ ನೋಡುವುದೆಂದು ಭಾವ ಒಪ್ಪಿಕೊಂಡಿದ್ದಾನೆ.