ಮಾತಿಗಿಂತ ಮೊದಲು ಮಗುವಿನ ಕೈ, ಕಣ್ಣು ನೋಡುವವರು: ಬೆಳಗಾವಿಯ ಒಂದು ವಾಕ್ ಚಿಕಿತ್ಸಾ ಕೇಂದ್ರ

ಒಂದೂವರೆ ವರ್ಷ ದಾಟಿದರೂ ನಮ್ಮ ಮಗನ ಮಾತು ‘ಅವ್ವ’, ‘ಬಾ’ ಎಂಬೆರಡು ಶಬ್ದಗಳಲ್ಲೇ ನಿಂತಿದ್ದರಿಂದ, ಮಕ್ಕಳ ವೈದ್ಯರ ಸಲಹೆಯಂತೆ ಬೆಳಗಾವಿ ನಗರದ ಒಂದು ಖಾಸಗಿ ವಾಕ್ ಮತ್ತು ಶ್ರವಣ ಕೇಂದ್ರಕ್ಕೆ ಕೆಲವು ತಿಂಗಳಿಂದ ಹೋಗುತ್ತಿದ್ದೇವೆ. ಅಲ್ಲಿನ ಕೆಲಸದ ರೀತಿ ನನಗೆ ಬಹಳ ಮೆಚ್ಚುಗೆಯಾಗಿದೆ.

ಮೊದಲು ಮಾಡಿದ್ದು ಕಿವಿಯ ಪರೀಕ್ಷೆ. ಮಗು ಮಲಗಿದ್ದಾಗ ಕಿವಿಯಲ್ಲಿ ಪುಟ್ಟ ತುದಿಯೊಂದನ್ನಿಟ್ಟು ಸದ್ದು ಕೇಳಿಸಿ, ಒಳಗಿವಿಯಿಂದ ಮರಳಿ ಬರುವ ಸೂಕ್ಷ್ಮ ಸದ್ದನ್ನು ಅಳೆಯುವ ಒಎಇ ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ನೋವಿಲ್ಲ. ಬಾಗಿಲು ಬಡಿದರೆ ಬೆಚ್ಚುವ ಮಗುವಿಗೂ ಮಾತಿನೊಳಗಿನ ಸಣ್ಣ ಸದ್ದಿನ ವ್ಯಂಜನಗಳು ಕೇಳಿಸದೆ ಇರಬಹುದಾದ್ದರಿಂದ, ಮಾತು ತಡವಾದ ಪ್ರತಿ ಮಗುವಿಗೂ ಕಿವಿಯ ಪರೀಕ್ಷೆ ಆಗಲೇಬೇಕು.

ನಂತರ ಚಿಕಿತ್ಸಕಿ ಮಗನ ಎದುರು ನೆಲದ ಮೇಲೆ ಕುಳಿತು, ಬಿಗಿಯಾಗಿ ಮುಚ್ಚಿದ ಪಾರದರ್ಶಕ ಡಬ್ಬಿಯಲ್ಲಿ ಚುರುಮುರಿ ಹಾಕಿ ಅವನ ಕೈಗಿತ್ತು ಸುಮ್ಮನಾದರು. ಅವನು ಮುಚ್ಚಳ ಎಳೆದ, ಅಲುಗಾಡಿಸಿದ, ಆಮೇಲೆ ಡಬ್ಬಿಯನ್ನು ಅವರ ಅಂಗೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಳದತ್ತ ತಳ್ಳಿ ಮುಖ ನೋಡಿದ. “ನೋಡ್ರಿ, ನನಗ ತೆಗೀಲಿಕ್ಕೆ ಬರವಲ್ದು, ನೀವು ತೆಗದು ಕೊಡ್ರಿ ಅಂತ ಪೂರಾ ಹೇಳಿದ. ಎಷ್ಟು ಶಬ್ದ ಆಡ್ತಾನ ಅನ್ನೋದು ಆಮ್ಯಾಲೆ ಎಣಸೂಣು” ಎಂದರು. ಮುಚ್ಚಳ ತೆಗೆಯುವಾಗ ‘ತೆಗಿ’ ಎಂಬ ಒಂದೇ ಶಬ್ದವನ್ನು ಸ್ಪಷ್ಟವಾಗಿ ಆಡಿದರು. ಅದನ್ನು ತಿರುಗಿ ಹೇಳು ಎಂದು ಒತ್ತಾಯಿಸಲಿಲ್ಲ. ಮಗು ಹೇಳಬೇಕೆಂದಿರುವ ವಿಷಯಕ್ಕೆ ಅದೇ ಗಳಿಗೆಯಲ್ಲಿ ಶಬ್ದ ಸಿಕ್ಕರೆ ಅದು ಮನಸ್ಸಿನಲ್ಲಿ ಉಳಿಯುತ್ತದೆ ಎಂಬುದು ಅವರ ವಿವರಣೆ.

ಬೆರಳು ಮಾಡಿ ತೋರಿಸುವುದರಲ್ಲಿಯೂ ಎರಡು ಬಗೆಯಿರುವುದನ್ನು ನಾನು ಇಲ್ಲಿಯೇ ತಿಳಿದುಕೊಂಡೆ. ಬೇಕಾದ ವಸ್ತುವನ್ನು ಕೇಳಲು ತೋರಿಸುವುದು ಒಂದು. ಕಿಟಕಿಯಾಚೆಯ ಕಾಗೆಯನ್ನು ತೋರಿಸಿ, ನೀವೂ ಕಂಡಿರಾ ಎಂಬಂತೆ ಹಿಂತಿರುಗಿ ಮುಖ ನೋಡುವುದು ಇನ್ನೊಂದು. ಎರಡನೆಯದರಲ್ಲಿ ಮಗು ಏನನ್ನೂ ಬೇಡುತ್ತಿಲ್ಲ, ತನ್ನ ಸಂತೋಷವನ್ನು ಹಂಚಿಕೊಳ್ಳುತ್ತಿದೆ. ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಶುರುವಾಗುವ ಈ ಹಂಚಿಕೆ ಒಂದೂವರೆ ವರ್ಷವಾದರೂ ಕಾಣದಿದ್ದರೆ ಕಾಯದೆ ತಜ್ಞರಿಗೆ ತೋರಿಸಬೇಕು. ನಮ್ಮ ಮಗ ತೋರಿಸುತ್ತಿದ್ದ. ಅವನ ಬೆರಳು ಹೋದಲ್ಲಿಗೆ ನಮ್ಮ ಕಣ್ಣು ಹೋಗಿ, ‘ಕಾಗಿ! ಹಾರಿ ಹೋತು’ ಎಂದು ಉತ್ತರ ಬರುವುದೇ ಮನೆಯಲ್ಲಿ ಮಾಡಬೇಕಾದ ಅಭ್ಯಾಸವಾಯಿತು. ಕೇಳಿದ ಮೇಲೆ ಹತ್ತು ಸೆಕೆಂಡು ಸುಮ್ಮನೆ ಕಾಯಬೇಕು ಎಂಬುದು ಮತ್ತೊಂದು ಸೂಚನೆ. ಮನೆತುಂಬ ಜನರಿರುವಲ್ಲಿ ಇದು ನಿಜಕ್ಕೂ ಕಷ್ಟದ್ದು, ಮಗು ಬಾಯಿ ತೆರೆಯುವಷ್ಟರಲ್ಲಿ ಯಾರಾದರೊಬ್ಬರು ಉತ್ತರಿಸಿರುತ್ತಾರೆ.

ಬೆಳಗಾವಿಯ ಅನೇಕ ಮನೆಗಳಂತೆ ನಮ್ಮಲ್ಲಿಯೂ ಕನ್ನಡ, ಮರಾಠಿ ಎರಡೂ ಇವೆ. ನಮ್ಮ ಆಯಿ ಮೊಮ್ಮಗನೊಡನೆ ಮರಾಠಿಯಲ್ಲೇ ಮಾತನಾಡುತ್ತಾರೆ. ಒಂದು ಭಾಷೆ ಬಿಡಿ ಎಂದು ನೆಂಟರು ಹೇಳುತ್ತಿದ್ದರು. ಚಿಕಿತ್ಸಕಿ ಅದನ್ನು ಒಪ್ಪಲಿಲ್ಲ. ಎರಡು ಭಾಷೆಗಳಿಂದ ಮಾತಿನ ತೊಂದರೆ ಹುಟ್ಟುವುದಿಲ್ಲವೆಂದೂ, ಮಗುವಿನ ಶಬ್ದಗಳನ್ನು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಬೇಕೆಂದೂ ತಿಳಿಸಿ, ಆಯಿಯವರನ್ನೂ ಒಂದು ದಿನ ಕರೆಸಿ ಜೊತೆಗೆ ಕೂರಿಸಿಕೊಂಡರು. ಈ ಗೌರವವನ್ನು ನಾನು ಮರೆಯಲಾರೆ.

ಕೊರತೆಗಳೂ ಇವೆ. ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಸಿಗುತ್ತದೆ. ದಿನವಿಡೀ ಮಗುವನ್ನು ನೋಡಿಕೊಳ್ಳುವ ಹಿರಿಯರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಇದನ್ನು ಕೇಂದ್ರದವರು ತಕ್ಷಣ ಸರಿಪಡಿಸಬೇಕು. ಅರ್ಧ ಗಂಟೆಗೆ 500 ರೂಪಾಯಿ ಎಂಬುದು ಎಲ್ಲರಿಗೂ ನಿಲುಕುವ ಮೊತ್ತವಲ್ಲ. ಅಂಥವರು, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೆ ಬರುವ ವೈದ್ಯರ ತಂಡಕ್ಕೆ ಮಗುವನ್ನು ತೋರಿಸಬಹುದು. ಬೆಳವಣಿಗೆಯಲ್ಲಿನ ವಿಳಂಬವನ್ನು ಗುರುತಿಸಿ ಮುಂದಿನ ಉಚಿತ ಚಿಕಿತ್ಸೆಗೆ ಕಳಿಸುವುದು ಆ ತಂಡದ ಕೆಲಸ.

ಈ ಕೇಂದ್ರಕ್ಕೇ ಹೋಗುವವರು ಬೆಳಗಿನ ಸಮಯವನ್ನು ಕೇಳಿ ಪಡೆಯಿರಿ. ಸಂಜೆ ಗದ್ದಲ ಹೆಚ್ಚು, ಮಕ್ಕಳೂ ದಣಿದಿರುತ್ತಾರೆ.